ಕೂಗಬಾರದ ಮರಳ ದಿಬ್ಬ

ಕಾರ್ಲ್ಸ್‌ರುಹೆಯಿಂದ ಹೊರಡುವ ಹಿಂದಿನ ದಿನ ಮೂರು ಸಲ ಚೀಲ ತುಂಬಿ ಮೂರು ಸಲ ಬಿಚ್ಚಿದ್ದೆ. ಕಾರಣ, ಸಮುದ್ರ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಕಾರಂಜಿ ಕೆರೆಯ ಪೆಡಲ್ ದೋಣಿಗೂ ಎರಡು ಸಲ ಯೋಚಿಸಿ ಕಾಲಿಟ್ಟವನು. ಅಂಥವನು ಜರ್ಮನಿಯ ದಕ್ಷಿಣದ ಈ ಊರು ಬಿಟ್ಟು ಉತ್ತರದ ತುದಿಗೆ ಹೋಗಿ, ನೀರು ಹಿಂದೆ ಸರಿಯುವ ಇಳಿತದ ಹೊತ್ತಿನಲ್ಲಿ ಸಮುದ್ರದ ತಳದ ಮೇಲೆ ನಡೆದು ಬರುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೆ. ಒಪ್ಪಿದ್ದು ಧೈರ್ಯದಿಂದಲ್ಲ, ದಾಕ್ಷಿಣ್ಯದಿಂದ.

ಕೇಳಿದವರು ಸುಶೀಲಕ್ಕ. ಮಲ್ಪೆ ಕಡೆಯವರು, ಹೈಡೆಲ್‌ಬರ್ಗ್‌ನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯಾಗಿ ಜೀವಮಾನವಿಡೀ ದುಡಿದವರು. ಯುಗಾದಿ ಊಟಕ್ಕೆ ಸೇರುತ್ತಿದ್ದ ನಮ್ಮ ಕನ್ನಡದವರಲ್ಲಿ ಎಲ್ಲರಿಗೂ ಅಕ್ಕ. ನಿವೃತ್ತಿಯಾದ ಮೇಲೆ, "ಇಷ್ಟು ವರ್ಷ ನೆಕ್ಕರ್ ಹೊಳೆ ನೋಡಿದ್ದು ಸಾಕು, ನಂಗೆ ಕಡಲು ಬೇಕು" ಎಂದು ಗಂಟುಮೂಟೆ ಕಟ್ಟಿ ಉತ್ತರ ಸಮುದ್ರದ ದಂಡೆಯ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ದಂಡೆಯನ್ನು ಕಾಯುವ ಒಂದು ಸ್ವಯಂಸೇವಕ ಗುಂಪು ಸೇರಿಕೊಂಡರು. ಫೋನಿನಲ್ಲಿ ಹೇಳಿದ್ದು ಇಷ್ಟೇ: "ನನ್ನ ಜೊತೆ ನಡಿಯುವವಳು ಕಾಲು ಮುರ್ಕೊಂಡು ಕೂತಿದ್ದಾಳೆ. ಒಬ್ಬಳೇ ನೀರಿಗೆ ಇಳೀಲಿಕ್ಕೆ ನಮ್ಮಲ್ಲಿ ಬಿಡುವುದಿಲ್ಲ. ನೀನು ಬಾ ಮಾರಾಯ, ಎರಡು ದಿನದ ಮಟ್ಟಿಗೆ."

ಮೇ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಐಸಿಇ ಎಂಬ ವೇಗದ ರೈಲು ಹತ್ತಿದೆ. ಟಿಕೆಟ್ ಮುಂಚೆಯೇ ತೆಗೆದಿದ್ದರಿಂದ ಅಗ್ಗಕ್ಕೆ ಸಿಕ್ಕಿತ್ತು. ಹ್ಯಾಂಬರ್ಗ್ ತನಕ ಐದು ಗಂಟೆ ಎಂದು ಲೆಕ್ಕ, ಆದದ್ದು ಆರು. ತಡವಾದಷ್ಟೂ ನನಗೆ ಖುಷಿಯೇ. ಚಪಾತಿ, ಚಟ್ನಿಪುಡಿ ಬಿಚ್ಚಿ, ಹಾಗೇ ಮತ್ತೆ ಕಟ್ಟಿಟ್ಟೆ. ಹ್ಯಾಂಬರ್ಗ್‌ನಲ್ಲಿ ಪಶ್ಚಿಮ ಕರಾವಳಿಯ ಲೋಕಲ್ ರೈಲು ಹಿಡಿದೆ. ಇದಕ್ಕೆ ದೇಶದ ಲೋಕಲ್ ರೈಲು, ಬಸ್ಸುಗಳಿಗೆಲ್ಲ ಸಲ್ಲುವ ನನ್ನ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಸಾಕಾಯಿತು. ಗುಡ್ಡ ಹೋಗಲಿ, ಒಂದು ದಿಣ್ಣೆಯೂ ಇಲ್ಲದ ಚಪ್ಪಟೆ ನೆಲ, ಕುರಿ, ಗಾಳಿಯಂತ್ರ. ಕೊನೆಗೊಂದು ಬಸ್ಸು. ಊರಿನ ಹೆಸರು ಬರೆಯುವುದಿಲ್ಲ, ಮುಂದೆ ಹೇಳುವ ವಿಷಯಕ್ಕೆ ಅಲ್ಲಿ ಈಗಲೂ ಎರಡು ಪಂಗಡ.

ಬಸ್ಸಿಳಿದಾಗ ಕಣ್ಣಿಗೆ ಮೊದಲು ಬಿದ್ದದ್ದು ಚರ್ಚಿನ ಹಿಂದಿನ ಬಯಲಲ್ಲಿ ನಿಂತಿದ್ದ ಮೂರು ಹಳದಿ ಬಾಗರ್‌ಗಳು, ಅಂದರೆ ನೆಲ ಅಗೆಯುವ ಯಂತ್ರಗಳು. ಹಲ್ಲು ಕೆಳಗಿಟ್ಟುಕೊಂಡು ಸುಮ್ಮನೆ ನಿಂತಿದ್ದವು. ಸುಶೀಲಕ್ಕ ಮಳೆಕೋಟು ಹಾಕಿಕೊಂಡು ಸ್ಟಾಪಿನಲ್ಲಿ ಕಾಯುತ್ತಿದ್ದರು. ಎಪ್ಪತ್ತು ದಾಟಿದ ಜೀವ, ನನಗಿಂತ ಬೇಗ ನಡೆಯುತ್ತಾರೆ.

"ಅವನ್ನೆಲ್ಲ ನೋಡ್ಬೇಡ, ಬಾ. ಗಂಜಿ ಮಾಡಿಟ್ಟಿದ್ದೇನೆ" ಎಂದರು.

ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ಉಣ್ಣುತ್ತಾ ಸಂಗತಿ ಹೇಳಿದರು. ಹಳ್ಳಿಯನ್ನು ಸಮುದ್ರದಿಂದ ಕಾಯುವ ಮಣ್ಣಿನ ಒಡ್ಡಿನ ಆಚೆ, ಸಂರಕ್ಷಿತ ಪ್ರದೇಶದ ಗಡಿಗೆ ಸೇರದೆ ಉಳಿದ, ಉಬ್ಬರದಲ್ಲೂ ನೆತ್ತಿ ಮುಳುಗದ ಒಂದು ಮರಳ ದಿಬ್ಬವಿದೆ. ಅದನ್ನು ಸೀಳಿ ಕಾಲುವೆ ತೋಡಿ, ವಿಹಾರ ದೋಣಿಗಳಿಗೆ ಬಂದರು, ಪಕ್ಕದಲ್ಲಿ ರಜಾ ಬಂಗಲೆಗಳನ್ನು ಕಟ್ಟಲು ಒಂದು ಕಂಪನಿ ಬಂದಿದೆ. ಆ ದಿಬ್ಬದ ಮೇಲೆ ಈ ವರ್ಷ ಪುಟ್ಟ ರೀವ ಎಂಬ ಬಿಳಿ ಕಡಲಹಕ್ಕಿಯ ಒಂದು ಜೋಡಿ ಮೊಟ್ಟೆಯಿಟ್ಟಿದೆ. ಗೂಡೂ ಇಲ್ಲ, ಗೀಡೂ ಇಲ್ಲ. ಬರಿಯ ಮರಳಲ್ಲಿ ಒಂದು ಕುಳಿ, ಅದರಲ್ಲಿ ಕಲ್ಲಿನ ಬಣ್ಣದ ಎರಡು ಮೊಟ್ಟೆ.

"ಈ ಹಕ್ಕಿಗೆ ಕಾನೂನಿನ ರಕ್ಷಣೆ ಉಂಟು. ಶನಿವಾರ ಸರ್ಕಾರದ ಅಧಿಕಾರಿ ಬರ್ತಾರೆ. ಹಕ್ಕಿ ಮೊಟ್ಟೆ ಮೇಲೆ ಕೂತದ್ದು ಅವರು ನೋಡಿದ್ರೆ ಈ ಬೇಸಿಗೆ ಕೆಲಸ ನಿಂತಿತು. ಅಷ್ಟರಲ್ಲಿ ಕೋರ್ಟಿಗೆ ಹೋಗ್ಬಹುದು. ಹಕ್ಕಿ ಇಲ್ಲದಿದ್ರೆ ಸೋಮವಾರ ಬಾಗರ್ ಇಳೀತದೆ."

"ನಾಳೆ ನಮ್ಮ ಕೆಲಸ ಏನಕ್ಕಾ?"

"ದೂರದಿಂದ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟುವುದು. ಜನ ನಾಯಿ ಕರ್ಕೊಂಡು ಬರ್ತಾರೆ, ತುಳಿದ್ರೆ ಮುಗೀತು. ಅನುಮತಿ ಉಂಟು."

ಆಮೇಲೆ ನನ್ನ ಮುಖ ನೋಡಿ, "ಹೆದರಿಕೆಯಾ?" ಎಂದು ಕೇಳಿದರು. "ಛೇ, ಇಲ್ಲಪ್ಪ" ಎಂದೆ. ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಿಸಿಲಿತ್ತು, ಗಾಳಿ ಮಾತ್ರ ಕಿವಿ ಕೊಯ್ಯುವಂತಿತ್ತು. ಒಡ್ಡಿನ ಮೇಲೆ ಊವೆ ಕಾದಿದ್ದರು. ನಿವೃತ್ತ ಶಾಲಾ ಮೇಷ್ಟ್ರು, ಗುಂಪಿನ ಹಳಬರು. ಅವರ ಕೊರಳಲ್ಲಿ ಹಿತ್ತಾಳೆಯ ಒಂದು ಕೊಂಬು ನೇತಾಡುತ್ತಿತ್ತು. ಯಾರಾದರೂ ಕೆಳಗಿಳಿದರೆ ಒಬ್ಬರು ಒಡ್ಡಿನ ಮೇಲೆ ಕೊಂಬು ಹಿಡಿದು ನಿಲ್ಲಲೇಬೇಕು, ಎಲ್ಲರೂ ಮೇಲೆ ಬರುವ ತನಕ ಕದಲಬಾರದು. ಇದು ಅವರ ಕ್ರಮ. ಇನ್ನೊಂದು ಕ್ರಮವೂ ಇತ್ತು. ಕೆಂಪು ಬಣ್ಣ ಬಳಿದ ಗೂಟ ದಾಟಿದ ಮೇಲೆ ಯಾರೂ ಮಾತಾಡಬಾರದು, ಸಿಳ್ಳೆ ಹಾಕಬಾರದು. ಸದ್ದಾದರೆ ಹಕ್ಕಿ ಏಳುತ್ತದೆ. ಎದ್ದರೆ ಚಳಿಗೆ ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಕಡಲಕಾಗೆ ಕುಕ್ಕಿಕೊಂಡು ಹೋಗುತ್ತದೆ. ಹಿಂದೊಮ್ಮೆ ಯಾರದೋ ಫೋನು ರಿಂಗಾಗಿ ಹಕ್ಕಿಗಳೆಲ್ಲ ಎದ್ದುಹೋಗಿದ್ದವಂತೆ. ಅಂದಿನಿಂದ ಫೋನುಗಳನ್ನು ಒಡ್ಡಿನ ಮೇಲಿನ ಡಬ್ಬಿಯಲ್ಲಿಟ್ಟೇ ಇಳಿಯಬೇಕು. ನಾನೂ ಇಟ್ಟೆ, ಸುಶೀಲಕ್ಕನೂ ಇಟ್ಟರು. ಊವೆ ಮುಚ್ಚಳ ಹಾಕಿದರು.

"ಮಂಜು ಬಂದರೆ?" ಎಂದು ಊವೆಯನ್ನು ಕೇಳಿದೆ. "ಕೊಂಬು ಊದುತ್ತೇನೆ. ಸದ್ದು ಬಂದ ಕಡೆಗೆ ನಡೆದು ಬನ್ನಿ" ಎಂದರು ಅವರು. ಇಷ್ಟು ಸುಲಭವೇ ಎಂದು ನನಗೂ ಸ್ವಲ್ಪ ಸಮಾಧಾನವಾಯಿತು.

ನೀರು ಹಿಂದೆ ಸರಿದಿತ್ತು. ಕಣ್ಣು ಹಾಯುವಷ್ಟು ದೂರ ಕೆಸರು, ಮರಳು, ಹೊಳೆಯುವ ಗೆರೆಗಳು. ರಬ್ಬರ್ ಬೂಟು ಹಾಕಿ, ಗೂಟಗಳ ಕಟ್ಟು ಹೆಗಲಿಗೇರಿಸಿ ಹೆಜ್ಜೆಯಿಟ್ಟೆ. ಒಂದೊಂದು ಹೆಜ್ಜೆಗೂ ಕೆಸರು ಬೂಟನ್ನು ಕಚ್ಚಿ ಹಿಡಿಯುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ಕಾಲುವೆ ಸಿಕ್ಕಿತು. ಇಂಥದ್ದಕ್ಕೆ ಇಲ್ಲಿ ಪ್ರೀಲ್ ಎನ್ನುತ್ತಾರೆ. ಇಳಿತದಲ್ಲೂ ಅದರಲ್ಲಿ ಪಾದ ಮುಳುಗುವಷ್ಟು ನೀರಿತ್ತು.

ದಾಟುವಾಗ ಸುಶೀಲಕ್ಕ ಹೇಳಿದರು: "ನಮ್ಮ ಮಲ್ಪೆಯಲ್ಲಿ ನೀರು ಎದುರಿಂದ ಬರ್ತದೆ, ಕಾಣ್ತದೆ. ಇಲ್ಲಿ ಹಾಗಲ್ಲ. ನೀನು ಆಚೆ ನಿಂತು ಸಮುದ್ರ ಎಲ್ಲೋ ದೂರ ಉಂಟು ಅಂತ ನೋಡ್ತಾ ಇರ್ತೀಯ, ಬೆನ್ನ ಹಿಂದೆ ಈ ಪ್ರೀಲ್ ತುಂಬ್ತದೆ."

"ಇದನ್ನ ಈಗ ಹೇಳ್ತೀರಲ್ಲ ಅಕ್ಕ!"

"ಮೊದಲೇ ಹೇಳಿದ್ರೆ ನೀನು ಬರ್ತಿದ್ಯಾ?"

ಕೆಂಪು ಗೂಟ ಬಂತು. ಅವರು ಬಾಯಿಯ ಮೇಲೆ ಬೆರಳಿಟ್ಟರು. ದಿಬ್ಬದ ನೆತ್ತಿಯಲ್ಲಿ ಒಂದು ಬಿಳಿ ಚುಕ್ಕಿ ಕಂಡಿತು. ಹಕ್ಕಿ ಕೂತಿತ್ತು. ನಮ್ಮ ಕಡೆ ಹಳದಿ ಕೊಕ್ಕು ತಿರುಗಿಸಿತು, ಏಳಲಿಲ್ಲ. ನಾವು ಬಗ್ಗಿಕೊಂಡೇ ದೂರದಲ್ಲಿ ಸುತ್ತು ಹಾಕಿ ಗೂಟ ಒತ್ತುತ್ತಾ ಹೋದೆವು. ಸುತ್ತಿಗೆ ಬಳಸುವಂತಿಲ್ಲ, ಮೈಭಾರ ಹಾಕಿ ತಿರುಗಿಸಿ ತಿರುಗಿಸಿ ಇಳಿಸಬೇಕು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕೊನೆಯ ಗಂಟು ಹಾಕಿ ತಲೆಯೆತ್ತಿದಾಗ ಸಮುದ್ರದ ಕಡೆಯ ಆಕಾಶ ಕಾಣಲಿಲ್ಲ. ಬಿಳಿಯ ಗೋಡೆಯೊಂದು ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ಕೈ ತೋರಿಸುವಷ್ಟರಲ್ಲಿ ನಮ್ಮನ್ನು ಸುತ್ತಿಕೊಂಡಿತು. ಒಡ್ಡು ಹೋಯಿತು, ಚರ್ಚಿನ ಗೋಪುರ ಹೋಯಿತು, ಈಗಷ್ಟೇ ಕಟ್ಟಿದ ಹಗ್ಗವೂ ಹೋಯಿತು.

ಸುಶೀಲಕ್ಕನ ಕೈ ಕೋಟಿನ ಜೇಬಿಗೆ ಹೋಯಿತು. ಇನ್ನೊಂದು ಜೇಬು ತಡಕಾಡಿದರು. ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದೆ.

"ಕಂಪಾಸು ಫೋನಲ್ಲಿ" ಎಂದು ಪಿಸುಗುಟ್ಟಿದರು. "ಹಳೇದು ಮನೆಯಲ್ಲಿ ಬಿಟ್ಟೆ, ಫೋನಲ್ಲೇ ಉಂಟಲ್ಲ ಅಂತ."

ಫೋನು ಒಡ್ಡಿನ ಮೇಲಿನ ಡಬ್ಬಿಯಲ್ಲಿತ್ತು.

ಬಂದ ಹೆಜ್ಜೆಗುರುತು ಹಿಡಿದು ಹೊರಟೆವು. ಮೊದಲು ಸ್ಪಷ್ಟವಾಗಿದ್ದವು, ಆಮೇಲೆ ನೀರು ತುಂಬಿ ಬರಿಯ ಗುಳಿಗಳಾದವು, ಆಮೇಲೆ ಅದೂ ಇಲ್ಲ. ಕೆಂಪು ಗೂಟ ಸಿಗಲೇ ಇಲ್ಲ, ಹಿಂದೆ ಬಿಟ್ಟು ಬಂದ ದಿಬ್ಬವೂ ಕಾಣಲಿಲ್ಲ. ಎದುರಿಗೆ ನೀರು ಬಂತು. ಬಲಕ್ಕೆ ತಿರುಗಿದೆವು, ಅಲ್ಲೂ ನೀರು. ಇದು ಬರುವಾಗ ದಾಟಿದ ಪ್ರೀಲೋ, ಸಮುದ್ರವೇ ಬಂದುಬಿಟ್ಟಿತೋ, ಯಾವುದೂ ತಿಳಿಯಲಿಲ್ಲ. ತಪ್ಪು ಕಡೆ ಹೆಜ್ಜೆಯಿಟ್ಟರೆ ಆಳಕ್ಕೇ ನಡೆದು ಹೋಗುತ್ತೇವೆ. ನಿಂತೆವು. ಕಿವಿಗೊಟ್ಟು ಕಾದೆವು. ಕೊಂಬಿನ ಸದ್ದಿಲ್ಲ.

"ಊವೆ ಯಾಕೆ ಊದ್ತಿಲ್ಲ?" ನಾನು ಪಿಸುಗುಟ್ಟಿದೆ.

"ಅವನೂ ಹಕ್ಕಿಯನ್ನೇ ಯೋಚಿಸ್ತಿರ್ತಾನೆ. ನಾವು ಬಂದೇವು ಅಂತ ಕಾಯ್ತಿದ್ದಾನೆ."

"ನಾನು ಕೂಗ್ತೀನಿ ಅಕ್ಕ."

ಅವರ ಒದ್ದೆ ಅಂಗೈ ನನ್ನ ಬಾಯಿ ಮುಚ್ಚಿತು. "ಬೇಡ. ಹಕ್ಕಿ ಏಳ್ತದೆ. ಸ್ವಲ್ಪ ಕಾಯುವ."

ಕಾದೆವು. ನೀರು ಸದ್ದೇ ಮಾಡಲಿಲ್ಲ. ಅಲೆ ಬಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಬೂಟಿನ ಹಿಮ್ಮಡಿ ಮುಚ್ಚಿತು, ಕಣಕಾಲು ಮುಚ್ಚಿತು, ಬೂಟಿನ ಅಂಚು ದಾಟಿ ಒಳಗೆ ಸುರಿಯಿತು. ಆ ತಣ್ಣೀರಿಗೆ ಉಸಿರೇ ಸಿಕ್ಕಿಹಾಕಿಕೊಂಡಿತು. ಕಾರ್ಲ್ಸ್‌ರುಹೆಯ ನನ್ನ ಅಡುಗೆಮನೆ ನೆನಪಾಯಿತು, ಸಿಂಕಿನಲ್ಲಿ ಬಿಟ್ಟು ಬಂದ ಪಾತ್ರೆ ನೆನಪಾಯಿತು. ಸುಶೀಲಕ್ಕ ನನ್ನ ಮಣಿಕಟ್ಟು ಹಿಡಿದಿದ್ದರು. ಡಾಕ್ಟರ್ ಬುದ್ಧಿಗೆ ನಾಡಿ ನೋಡುತ್ತಿದ್ದರೋ, ಆಸರೆಗೆ ಹಿಡಿದಿದ್ದರೋ ಗೊತ್ತಾಗಲಿಲ್ಲ. ಅವರ ಮುಖ ನೋಡಿದೆ. ತುಟಿ ನೀಲಿಯಾಗಿತ್ತು. ನೀರು ಮೊಣಕಾಲಿಗೆ ಬಂತು. ಅದು ಕೊರಳಿಗೆ ಬಂದರೂ ಈ ಹೆಂಗಸು ಕೂಗುವುದಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು.

ನಾನು ಕೂಗಿದೆ. "ಊವೇ! ಇಲ್ಲಿದ್ದೀವಿ ಕಣ್ರೀ! ಊದ್ರೀ!" ಕನ್ನಡದಲ್ಲೇ ಕೂಗಿದೆ, ಜರ್ಮನ್ ನೆನಪಿಗೇ ಬರಲಿಲ್ಲ. ಗಂಟಲು ಹರಿಯುವ ಹಾಗೆ ಮತ್ತೆ ಮತ್ತೆ ಕೂಗಿದೆ.

ತಲೆಯ ಮೇಲೆ ಎಲ್ಲೋ ಮಂಜಿನಲ್ಲಿ ಚೀರಾಟ ಎದ್ದಿತು. ಕೀ, ಕೀ, ಕೀ ಎಂದು ಎರಡು ಹಕ್ಕಿಗಳು ಸುತ್ತುತ್ತಿದ್ದವು. ಸುಶೀಲಕ್ಕ ಕಣ್ಣು ಮುಚ್ಚಿಕೊಂಡರು. ಅದರ ಹಿಂದೆಯೇ ಕೊಂಬಿನ ಸದ್ದು ಬಂತು, ನಾವು ಅಂದುಕೊಂಡ ದಿಕ್ಕಿಗೆ ಪೂರ್ತಿ ಉಲ್ಟಾ ಕಡೆಯಿಂದ. ಪ್ರೀಲಿನಲ್ಲಿ ನೀರು ಸೊಂಟದ ಮೇಲಿತ್ತು. ಮಿಕ್ಕಿದ್ದ ಹಗ್ಗದ ಸುರುಳಿ ಇಬ್ಬರ ನಡುವೆ ಕಟ್ಟಿಕೊಂಡು ದಾಟಿದೆವು. ನಡುವೆ ಒಮ್ಮೆ ಅವರ ಕಾಲು ತೇಲಿತು, ಎಳೆದುಕೊಂಡೆ. ಒಡ್ಡಿನ ಹುಲ್ಲು ಕೈಗೆ ಸಿಕ್ಕಾಗ ನಾನು ಮಗುವಿನ ಹಾಗೆ ಅತ್ತೆ, ನಾಚಿಕೆಯಾಗಲಿಲ್ಲ.

ಊವೆ ಕಂಬಳಿ ಹೊದಿಸಿದರು. "ಎಷ್ಟು ಸಲ ತುಟಿಗೆ ಇಟ್ಟೆ, ಎಷ್ಟು ಸಲ ಇಳಿಸಿದೆ" ಎಂದಷ್ಟೇ ಹೇಳಿ ಕೊಂಬು ಕಳಚಿ ಡಬ್ಬಿಯ ಮೇಲಿಟ್ಟರು.

ಆ ಸಂಜೆ ಸುಶೀಲಕ್ಕ ಒಣ ಕಾಲುಚೀಲ ಕೊಟ್ಟರು, ಮೆಣಸಿನ ಸಾರು ಬಡಿಸಿದರು, ಬೇಗ ಹೋಗಿ ಮಲಗಿದರು. ನೀರಿನ ಹೆದರಿಕೆ ಬಿಟ್ಟಿತ್ತು, ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು. ಹಕ್ಕಿ ವಾಪಸು ಬಂದಿರಲಿ ಎಂದು ಚಾಮುಂಡಿಗೆ ಹರಕೆ ಹೊತ್ತೆ. ಉತ್ತರ ಸಮುದ್ರ ಅವಳ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಯೋಚಿಸಲಿಲ್ಲ.

ಶನಿವಾರ ಮಂಜು ಹರಿದಿತ್ತು. ಅಧಿಕಾರಿ ಬಂದರು, ಮೆತ್ತಗೆ ಮಾತಾಡುವ ನಡುವಯಸ್ಸಿನ ಹೆಂಗಸು. ಒಡ್ಡಿನ ಮೇಲೆ ದೂರದರ್ಶಕ ಇಟ್ಟು ಬಹಳ ಹೊತ್ತು ನೋಡಿದರು. ನಾವು ಕಟ್ಟಿದ ಹಗ್ಗ ನೆಟ್ಟಗೆ ನಿಂತಿತ್ತು. ಒಳಗೆ ಬಿಳಿ ಚುಕ್ಕಿ ಇರಲಿಲ್ಲ. ಇಳಿತಕ್ಕೆ ಕಾದು ಊವೆಯ ಜೊತೆ ಹೋಗಿ ಬಂದರು. ಅಂಗೈಯಲ್ಲಿ ಮೊಟ್ಟೆಯ ಚಿಪ್ಪಿನ ಒಂದು ಚೂರಿತ್ತು.

"ನಾನು ಕೂಗಿದ್ದಕ್ಕೆ ಹೀಗಾಯಿತು. ನಿನ್ನೆಯ ತನಕ ಹಕ್ಕಿ ಕೂತಿತ್ತು, ನನ್ನ ಕಣ್ಣಾರೆ ನೋಡಿದ್ದೇನೆ. ಅದನ್ನು ಬರೆದುಕೊಳ್ಳಿ" ಎಂದೆ.

"ಇವತ್ತು ಇದ್ದದ್ದನ್ನು ಮಾತ್ರ ನಾನು ಬರೆಯಬಲ್ಲೆ. ಕ್ಷಮಿಸಿ" ಎಂದರು. ಗುಂಪಿನವರು ಒಬ್ಬೊಬ್ಬರೇ ಒಡ್ಡಿಳಿದು ಹೋದರು. ಯಾರೂ ನನ್ನನ್ನು ಬೈಯಲಿಲ್ಲ, ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದ ಬಸ್ಸಿಗೆ ಸುಶೀಲಕ್ಕ ಬಿಡಲು ಬಂದರು. ಸ್ಟಾಪಿನ ಬೆಂಚಿನಲ್ಲಿ ಕೂತು ಅವರು ಬಾಗರ್‌ಗಳ ಕಡೆ ನೋಡುತ್ತಿದ್ದರು, ನಾನು ನನ್ನ ಬೂಟುಗಳ ಕಡೆ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಅವರು ನನ್ನ ಕಡೆ ತಿರುಗಿದರು.

"ಹಕ್ಕಿಗೋಸ್ಕರ ಬೇಡ ಅಂದೆ, ನಿಜ. ಆದ್ರೆ ಆಮೇಲೆ ನಂಗೂ ಕೂಗ್ಬೇಕು ಅಂತ ಆಯ್ತು ಮಾರಾಯ. ಬಾಯಿ ತೆಗೆದೆ, ಹೆದರಿಕೆಗೆ ಸ್ವರವೇ ಹೊರಡ್ಲಿಲ್ಲ. ನಿಂಗೆ ಗೊತ್ತಾಗ್ಲಿಲ್ಲ."

ಬಸ್ಸು ಬಂದು ನಿಂತಿತು. ಚೀಲ ಎತ್ತಿಕೊಂಡು ಹತ್ತಿದೆ. ಅವರು ಬಾಗಿಲ ತನಕ ಬಂದು ನನ್ನ ಕೋಟಿನ ಮೇಲಿನ ಗುಂಡಿ ಹಾಕಿದರು.

"ಮುಂದಿನ ಸಲ ಇನ್ನೂ ಬೇಗ ಕೂಗು" ಎಂದರು.

"ಆಯ್ತಕ್ಕ" ಎಂದೆ. ಅಷ್ಟರಲ್ಲಿ ಬಾಗಿಲು ಮುಚ್ಚಿಹೋಗಿತ್ತು. ಅವರಿಗೆ ಕೇಳಿಸಿತೋ ಇಲ್ಲವೋ.