ಕಳ್ಳಿಹಣ್ಣಿನ ಓಕುಳಿ

ಅಣ್ಣನ ಮದುವೆಯ ಹೊತ್ತಿಗೆ ನಾನು ಜಾವಗಲ್ಲಿನಿಂದ ದಿನಾ ಬಸ್ಸು ಹಿಡಿದು ಅರಸೀಕೆರೆ ಕಾಲೇಜಿಗೆ ಬಿ.ಎಸ್ಸಿ. ಓದಲು ಹೋಗುತ್ತಿದ್ದೆ. ಬಾಯಿ ತೆರೆದರೆ ಕೆಮಿಸ್ಟ್ರಿ! ಬೇಲಿಯ ಪಾಪಾಸುಕಳ್ಳಿ ಹಣ್ಣಿನ ಕೆಂಪು ಬೀಟ್‌ರೂಟಿನ ಬಣ್ಣದ ಜಾತಿಯದೇ, ಹೆಸರು ಬೀಟಾಸಯನಿನ್ ಎಂದು ಮೇಷ್ಟ್ರು ಹೇಳಿದಂದಿನಿಂದ ನನಗೆ ಆ ಬೇಲಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಅತ್ತಿಗೆಯನ್ನು ಮನೆ ತುಂಬಿಸಿಕೊಳ್ಳುವ ದಿನ ಆರತಿಯ ಓಕುಳಿ ಕಲಸುವ ಕೆಲಸ ನನ್ನ ಪಾಲಿಗೆ ಬಂತು. ನೀರಿಗೆ ಅರಿಶಿನ, ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಎಲ್ಲರ ಮನೆಯಲ್ಲೂ ಅಷ್ಟೇ. ನನಗೆ ಅಷ್ಟು ಸಾಲುತ್ತದೆಯೇ? ಹಣ್ಣಿನ ಮುಳ್ಳು ಸುಟ್ಟು, ಹಿಂಡಿ, ರಸವನ್ನೇ ತಟ್ಟೆಗೆ ಸುರಿದೆ. ಅಬ್ಬಬ್ಬಾ, ಅದೆಂಥ ಕೆಂಪು! ಕೆಲಸದ ಗಡಿಬಿಡಿಯಲ್ಲಿ ಯಾರಿಗೂ ಹೇಳಲಿಲ್ಲ.

ಮದುಮಕ್ಕಳು ಹೊಸ್ತಿಲಾಚೆ ಬಂದು ನಿಂತರು. ತಟ್ಟೆ ಎತ್ತಿಕೊಂಡ ಅಮ್ಮ, ಅದು ಎಂದಿನ ಓಕುಳಿಯೇ ಅಂದುಕೊಂಡು, ಕೆಂಪು ಏರಲಿ ಎಂದು ಒಂದಿಷ್ಟು ಸುಣ್ಣ ಹಾಕಿ ಬೆರಳಾಡಿಸಿದಳು. ಬಣ್ಣ ನೇರಳೆಗೆ ತಿರುಗಿತು, ಮಂಕಾಯಿತು, ನೋಡನೋಡುತ್ತ ಹಳದಿಯಾಗಿಬಿಟ್ಟಿತು.

"ಅಯ್ಯೋ ಶಿವನೇ!" ಸೋದರತ್ತೆ ಎದೆ ಹಿಡಿದುಕೊಂಡರು. "ಹುಡ್ಗಿ ಹೊಸ್ಲು ದಾಟೋಕ್ ಮುಂಚೇನೇ ಓಕ್ಳಿ ಕೆಟ್ಟೋಯ್ತಲ್ಲೇ! ಎಂಥಾ ಕಾಲ್ಗುಣ ಐತೋ ಏನೋ!"

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಆ ಮಾತು ಒಂದು ಸಲ ಅಂಟಿತೆಂದರೆ ಮುಗಿಯಿತು, ಮುಂದೆ ಎಮ್ಮೆಯ ಹಾಲು ಬತ್ತಿದರೂ ಅವಳೇ ಕಾರಣ. ನನಗೆ ಮೈಯೆಲ್ಲ ಉರಿದುಹೋಯಿತು. ಜೊತೆಗೇ, ಸುಳ್ಳೇಕೆ, ಕುಣಿದಾಡುವಷ್ಟು ಖುಷಿ! ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ನಡೆದಿತ್ತು. ಸುಣ್ಣದ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಕಳ್ಳಿಯ ಕೆಂಪು ಒಡೆದು ಹಳದಿಯಾಗುತ್ತದೆ.

"ಅವ್ರ ಕಾಲಿಗೂ ಇದಕ್ಕೂ ಏನತ್ತೆ ಸಂಬಂಧ? ಅದು ಕಳ್ಳಿಹಣ್ಣಿನ ರಸ, ಸುಣ್ಣ ಬಿತ್ತು, ಅಷ್ಟೇಯ! ಆ ಸುಣ್ಣ ಇನ್ನೂ ತಟ್ಟೇಲೇ ಐತೆ. ತಗೊಳ್ಳಿ, ನೀವೇ ಅರಿಶಿನ ಹಾಕಿ ನೋಡಿ!" ಎಂದು ಕೂಗಿ ಅರಿಶಿನದ ಬಟ್ಟಲು ಮುಂದೆ ಹಿಡಿದೆ.

ಅತ್ತೆ ನನ್ನನ್ನು ದುರುಗುಟ್ಟಿ ನೋಡುತ್ತಲೇ ಚಿಟಿಕೆ ಹಾಕಿ ಕಲಕಿದರು. ಓಕುಳಿ ಕೆಂಪಾಯಿತು.

"ಹೌದಲ್ಲೇ!" ಎಂದು ಇನ್ನೊಂದು ಚಿಟಿಕೆ ಹಾಕಿದರು. ಇನ್ನೂ ಕೆಂಪು! ಆಮೇಲೆ ಅಮ್ಮನಿಗೂ ಬಿಡದೆ ತಾವೇ ಮುಂದಾಗಿ ಆರತಿ ಎತ್ತಿ, "ಬಲಗಾಲಿಟ್ಟು ಬಾರವ್ವ" ಎಂದರು.

ಒಳಗೆ ಬಂದ ಅತ್ತಿಗೆ ಮೊದಲು ನನ್ನ ಕೈ ಹಿಡಿದುಕೊಂಡಳು.

"ಅದೇನ್ ಮಾಡ್ದೆ, ನಂಗೂ ಹೇಳ್ಕೊಡೇ," ಎಂದಳು ಮೆಲ್ಲಗೆ. "ಈ ಮನೇಲಿ ಬೇಕಾಗ್ತದೆ."