ಮೈಗೆ ತೆರೆಯುವ ಬಾಗಿಲು

ಆ ವೃದ್ಧಾಶ್ರಮದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಉಗ್ರಾಣದ ಕೀಲಿ, ಔಷಧಿ ಕಪಾಟಿನ ಕೀಲಿ, ಗೇಟಿನ ಕೀಲಿ, ಎಲ್ಲವೂ ಅವಳ ಸೊಂಟದ ಗೊಂಚಲಲ್ಲಿ. ಹಾಗಾಗಿ ಮ್ಯಾನೇಜರನಿಂದ ಹಿಡಿದು ಹಾಸಿಗೆ ಹಿಡಿದವರವರೆಗೆ ಎಲ್ಲರಿಗೂ ಅವಳು ಬೀಗದಮ್ಮ. ಅವಳಿಗಿಂತ ಮುಂಚೆ ಅವಳ ಗೊಂಚಲಿನ ಸದ್ದು ಬರುತ್ತಿತ್ತು; ಕದ್ದು ಸಿಗರೇಟು ಸೇದುವ ಮುದುಕರಿಗೆ ಅದರಿಂದ ಭಾರಿ ಅನುಕೂಲ. ಬೀಗ ಹಾಕಿದ ಮೇಲೆ ಎಳೆದು ನೋಡುವುದು ಅವಳ ಚಾಳಿ. ಅಷ್ಟು ದೂರ ಹೋಗಿ, ಸಮಾಧಾನವಾಗದೆ ವಾಪಸ್ಸು ಬಂದು ಮತ್ತೆ ಎಳೆದು ನೋಡುವುದು ಇನ್ನೊಂದು ಚಾಳಿ.

ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದವಳು ಒಬ್ಬಳೇ, ಅವಳ ಅಕ್ಕ. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು, ಬೇಕರಿಯಲ್ಲಿ ಬಿಸಿ ತಟ್ಟೆಗಳ ಗಾಡಿ ತಳ್ಳಿ ತಳ್ಳಿ ಬೆನ್ನು ಬಾಗಿಸಿಕೊಂಡವಳು. ಈಗ ಅವಳಿಗೆ ಮರೆವಿನ ಕಾಯಿಲೆ, ಇದೇ ಆಶ್ರಮದ ಹಿಂದಿನ ಕೋಣೆಯಲ್ಲಿ ಒಂದು ಮಂಚ. ಚಿಲಕ ತೆಗೆಯುವುದು ಮರೆತಿತ್ತು, ಗುಂಡಿ ಹಾಕುವುದು ಮರೆತಿತ್ತು. ಸೊಂಟದೆತ್ತರಕ್ಕೆ ಏನಾದರೂ ಅಡ್ಡ ಸಿಕ್ಕರೆ ಮೈಯೆಲ್ಲ ಕೊಟ್ಟು ತಳ್ಳುವುದೊಂದು ಮಾತ್ರ ಮರೆತಿರಲಿಲ್ಲ. ಊಟದ ಮೇಜು, ಮಂಚದ ಸರಳು, ಒಮ್ಮೆ ಮ್ಯಾನೇಜರ್ ಕೂತಿದ್ದ ಕುರ್ಚಿ. "ದಾರಿ ಬಿಡಿ, ಬಿಸಿ ಇದೆ, ಬಿಸಿ!" ಎನ್ನುತ್ತ ತಳ್ಳುವಳು. ಎಲ್ಲರೂ ನಗುತ್ತಿದ್ದರು, ತಂಗಿಯೂ ಕೂಡ.

ಅಗ್ನಿಶಾಮಕದವರು ತಪಾಸಣೆಗೆ ಬಂದು, ಆ ಹಿಂದಿನ ಕೋಣೆಯ ಹಿಂಬಾಗಿಲಿಗೆ ಜಡಿದ ಬೀಗ ನೋಡಿ ಕೆಂಡವಾದರು. ಬೆಂಕಿ ತಡೆಯುವ ಕಬ್ಬಿಣದ ಬಾಗಿಲು, ಒಳಗಿನಿಂದ ತಳ್ಳಿದರೆ ಚಿಲಕ ತೆರೆಯುವ ಸೊಂಟದೆತ್ತರದ ಅಡ್ಡಪಟ್ಟಿ, ಅಂದರೆ ಪ್ಯಾನಿಕ್ ಬಾರ್, ಇವೆರಡೂ ಆಗಲೇಬೇಕು ಎಂದರು. ಬೀಗದ ವಿಷಯ ಬೀಗದಮ್ಮನಿಗೇ ಗೊತ್ತಿರಬೇಕೆಂದು ಮ್ಯಾನೇಜರ್ ಅವಳನ್ನೇ ಅಂಗಡಿಗೆ ಅಟ್ಟಿದ.

ಅಂಗಡಿಯವನು ಎರಡು ಬಾರ್ ತಂದಿಟ್ಟ. "ಇದನ್ನ ಒತ್ತಿ ಹಾಗೇ ನಿಲ್ಲಿಸ್ಬಹುದು, ಚಿಲಕ ಬೀಳಲ್ಲ. ಓಡಾಟಕ್ಕೆ ಸಲೀಸು. ಆದ್ರೆ ಬೆಂಕಿ ಬಾಗಿಲಿಗೆ ಇದು ಹಾಕೋ ಹಾಗಿಲ್ಲ. ಅಲ್ಲಿ ಪ್ರತಿ ಸಲಾನೂ ಬಾಗಿಲು ತಾನಾಗೇ ಮುಚ್ಚಿ ಚಿಲಕ ಕಚ್ಚಬೇಕು, ಇಲ್ಲಾಂದ್ರೆ ಹೊಗೆ ಒಳಗೆ ನುಗ್ಗುತ್ತೆ. ನಿಮಗೆ ಬೇಕಾಗಿರೋದು ಬೆಂಕೀಲಿ ಪರೀಕ್ಷೆ ಮಾಡಿರೋ ಈ ಇನ್ನೊಂದು."

ತಾನಾಗಿ ಕಚ್ಚುವ ಚಿಲಕ! ಬೀಗದಮ್ಮನ ಜೀವಕ್ಕೆ ತಂಪಾಯಿತು. "ಒಳಗಿಂದ ಯಾರು ಬೇಕಾದ್ರೂ ತೆಗೀಬಹುದಾ?"

"ಯಾರು ಬೇಕಾದ್ರೂ. ಗಾಬರೀಲಿ ಮನುಷ್ಯನಿಗೆ ಬುದ್ಧಿ ಓಡಲ್ಲಮ್ಮ, ಮೈ ಓಡುತ್ತೆ. ಇದು ಮೈಗೆ ತೆರೆಯೋ ಬಾಗಿಲು." ಅವನು ಸೊಂಟದಿಂದ ಒತ್ತಿ ತೋರಿಸಿದ. "ಹೊರಗಡೆ ಹ್ಯಾಂಡಲ್ ಹಾಕೋಣ್ವಾ? ಕೀಲಿ ಇರೋದೂ ಇದೆ."

"ಹೊರಗೆ ಏನೂ ಬೇಡಪ್ಪ. ಕಳ್ಳರ ಕೈಗೆ ನಾವೇ ಹ್ಯಾಂಡಲ್ ಕೊಡೋದಾ?"

ಅವನು ನಕ್ಕ, ಅವಳೂ ನಕ್ಕಳು. ಆ ಹೊತ್ತಿನಲ್ಲಿ ಅವಳಿಗೆ ಅಕ್ಕನ ನೆನಪು ಸುಳಿಯಲೇ ಇಲ್ಲ.

ಬಾಗಿಲು ಕೂತ ಕೆಲವೇ ದಿನಗಳಲ್ಲಿ, ಮಧ್ಯಾಹ್ನದ ಊಟದ ಗಲಾಟೆಯಲ್ಲಿ ಅಕ್ಕನ ಮಂಚ ಖಾಲಿಯಾಗಿತ್ತು. ಬೀಗದಮ್ಮ ಹಿಂಬಾಗಿಲಿನಿಂದ ಹೊರಗೋಡಿ ತಿರುಗಿ ನೋಡಿದಳು. ಬಾಗಿಲಿನ ಹೊಸ ಬಣ್ಣದ ಹೊರಮೈ ತುಂಬ ಊಟದ ಕೈಯ ಗುರುತು, ಒಂದರ ಮೇಲೊಂದು. ಅಕ್ಕ ಹೊರಗೆ ಬಂದ ಮೇಲೆ ಬಾಗಿಲು ಮುಚ್ಚಿಕೊಂಡಿತ್ತು. ವಾಪಸ್ಸು ಬರಲು ಎಷ್ಟು ಹೊತ್ತು ಬಡಿದಳೋ! ದಪ್ಪ ಬಾಗಿಲು, ಒಳಗೆ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಅವಳು ಸಿಕ್ಕಿದ್ದು ಲಾರಿಗಳು ಓಡಾಡುವ ದೊಡ್ಡ ರಸ್ತೆಯಲ್ಲಿ. ಬರಿಗಾಲಿನಿಂದ ರಕ್ತ ಸೋರುತ್ತಿತ್ತು, ಯಾರದೋ ತರಕಾರಿ ಗಾಡಿಯನ್ನು ತಳ್ಳಿಕೊಂಡು ಹೊರಟಿದ್ದಳು. ಗಾಡಿಯವನು ಬೈಯಲೂ ಆಗದೆ ಜೊತೆಗೆ ನಡೆಯುತ್ತಿದ್ದ.

"ಸರಪಳಿ ಸುತ್ತಿ ಬೀಗ ಜಡೀರಿ," ಎಂದ ಮ್ಯಾನೇಜರ್. "ತಪಾಸಣೆಯವ್ರು ಬಂದಾಗ ತೆಗೆದ್ರಾಯ್ತು."

ಅವಳು ಸರಪಳಿ ಸುತ್ತಿದಳು, ಬೀಗ ಹಾಕಿದಳು, ಎಳೆದು ನೋಡಿದಳು. ಎದುರಿನ ಮಂಚದಲ್ಲಿ, ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಬಾಯಿ ಮುಚ್ಚದ ರೇಡಿಯೊ ತಾತ ಮಲಗಿದ್ದ. ಸೊಂಟದ ಕೆಳಗೆ ಅವನಿಗೆ ಸ್ವಾಧೀನವಿಲ್ಲ.

"ಏನಮ್ಮಾ, ನಿಮ್ಮಕ್ಕ ಉಳೀಲಿ ಅಂತ ನಮ್ಮನ್ನೆಲ್ಲ ಸುಡೋಕೆ ಇಟ್ಯಾ?" ಎಂದು ನಕ್ಕ. ತಮಾಷೆಗೇ ಅಂದಿದ್ದು. ಆದರೆ ಅವಳು ಆ ಸಾಲಿನ ಮಂಚಗಳನ್ನೆಲ್ಲ ಒಮ್ಮೆ ನೋಡಿದಳು. ಈ ಬಾಗಿಲು ಬಿಟ್ಟರೆ ಆ ಕೋಣೆಯಿಂದ ಹೊರಹೋಗಲು ಇದ್ದದ್ದು ಉದ್ದದ ಪಡಸಾಲೆಯೊಂದೇ, ಅದರ ತುದಿಗೆ ಬೆಂಕಿ ಉರಿಯುವ ಅಡುಗೆಮನೆ. ಸಂಜೆಯೊಳಗೆ ಸರಪಳಿ ಬಿಚ್ಚಿದಳು.

ಹೊರಗೊಂದು ಹ್ಯಾಂಡಲ್ ಹಾಕಿಕೊಡು ಎಂದು ಅಂಗಡಿಯವನ ಹತ್ತಿರ ಅಂಗಲಾಚಿದಳು. "ಯಾವುದೋ ಒಂದನ್ನ ತೂತು ಕೊರೆದು ಹಾಕಿದ್ರೆ ಬಾಗಿಲು ಬೆಂಕಿ ತಡೆಯಲ್ಲಮ್ಮ. ಆ ಬಾರ್ ಜೊತೆಗೆ ಪರೀಕ್ಷೆ ಆಗಿರೋದೇ ಬೇಕು. ಅವತ್ತು ಇದ್ದದ್ದು ಖಾಲಿಯಾಯ್ತು, ಕಂಪನಿಯಿಂದ ಬರಬೇಕು," ಎಂದ. ಅದು ಬರಲಿಲ್ಲ. ಬಾಗಿಲು ತೆರೆದರೆ ಕೂಗುವ ಗಂಟೆ ಹಾಕಿಸಿದಳು. ಆಯಾಗಳು ಬಟ್ಟೆ ಒಣಹಾಕಲು ದಿನವಿಡೀ ಅದೇ ಬಾಗಿಲಿಂದ ಹೊರಗೆ ಹೋಗಿ ಮುಂಬಾಗಿಲಿಂದ ಒಳಗೆ ಬರುತ್ತಿದ್ದು, ಗಂಟೆ ಯಾರ ಕಿವಿಗೂ ಬೀಳದಂತಾಯಿತು. ಮಂಚಕ್ಕೆ ಕಟ್ಟಿಹಾಕಿ ಎಂದ ಆಯಾಳನ್ನು ಬಾಯಿಗೆ ಬಂದಂತೆ ಬೈದು, ಆಮೇಲೆ ಉಗ್ರಾಣದಲ್ಲಿ ಕೂತು ಅತ್ತಳು. ಬೈದಳೇ ಹೊರತು ಬೇರೆ ದಾರಿ ಅವಳಿಗೂ ಹೊಳೆದಿರಲಿಲ್ಲ. ಕೆಲಸ ಬಿಟ್ಟು ಅಕ್ಕನನ್ನು ಮನೆಯಲ್ಲಿಟ್ಟುಕೊಳ್ಳೋಣವೆಂದರೆ ಇಬ್ಬರ ಹೊಟ್ಟೆಗೂ ಈ ಕೆಲಸವೇ ಗತಿ.

ಒಂದು ಸಂಜೆ ಉಗ್ರಾಣಕ್ಕೆ ಬೀಗ ಹಾಕಿ, ಎಳೆದು ನೋಡಿ ಹೊರಟವಳು, ಚಾಳಿ ಬಿಡದೆ ಮತ್ತೆ ಎಳೆಯಲು ತಿರುಗಿದಳು. ಅಷ್ಟರಲ್ಲಿ ಗಂಟೆ ಕೂಗಿತು. ಆಯಾ ಇರಬೇಕು ಅಂದುಕೊಂಡಳು. ಎಳೆದು ನೋಡಿಯೇ ಪಡಸಾಲೆಗೆ ಬಂದಳು. ಆ ತುದಿಯ ಕೋಣೆಯಲ್ಲಿ ಅಕ್ಕನ ಬಾಗಿದ ಬೆನ್ನು ಬಾಗಿಲಿಂದಾಚೆ ಹೋಗುತ್ತಿತ್ತು. ಓಡಿದಳು, ಮುಚ್ಚುತ್ತಿದ್ದ ಬಾಗಿಲ ಸಂದಿಯಲ್ಲಿ ನುಸುಳಿ ಅಕ್ಕನ ಕೈ ಹಿಡಿದಳು. ಹಿಂದಿನಿಂದ ಟಕ್ ಎಂದು ಚಿಲಕ ಕಚ್ಚಿಕೊಂಡಿತು.

"ನಡಿ ಅಕ್ಕಾ, ಸುತ್ತಿ ಬಳಸಿ ಮುಂಬಾಗಿಲಿಗೆ ಹೋಗೋಣ."

ಅಕ್ಕ ಕದಲಲಿಲ್ಲ. ತಿರುಗಿ ಬಾಗಿಲಿಗೆ ಸೊಂಟ ಕೊಟ್ಟು ತಳ್ಳಿದಳು. ನುಣ್ಣನೆಯ ಕಬ್ಬಿಣ. ಮತ್ತೆ ತಳ್ಳಿದಳು. ಬೀಗದಮ್ಮ ಎಳೆದರೆ ಮಗುವಿನಂತೆ ಚೀರಿ ಬಾಗಿಲಿಗೇ ಅಂಟಿಕೊಂಡಳು. ಕತ್ತಲಾಗುತ್ತಿತ್ತು. ಕೊನೆಗೆ ಅಕ್ಕನ ಕಣ್ಣು ತಂಗಿಯ ಸೊಂಟದ ಗೊಂಚಲಿನ ಮೇಲೆ ಬಿತ್ತು, ಮುಖ ಅರಳಿತು.

"ಅಷ್ಟೊಂದು ಕೀಲಿ ಇಟ್ಕೊಂಡಿದ್ದೀಯಲ್ಲೇ ಪುಟ್ಟೀ. ತೆಗಿ."

ಕೀಲಿಗೆ ತೂತೇ ಇಲ್ಲವೆಂದು ಹೇಗೆ ಹೇಳುವುದು? ಬೇಡವೆಂದವಳು ತಾನೇ. ಒಂದು ಕೀಲಿ ಆರಿಸಿ ಕಬ್ಬಿಣಕ್ಕೆ ಒತ್ತಿದಳು. ಕೀಲಿ ಕಬ್ಬಿಣದ ಮೇಲೆ ಜಾರಿತು.

"ಇದಲ್ಲ ಕಣಕ್ಕಾ."

"ಇನ್ನೊಂದು ನೋಡು. ಗಾಬರಿ ಯಾಕೆ?" ಎಂದು ಅಕ್ಕ ಮತ್ತೆ ಬಾಗಿಲಿಗೆ ಮೈ ಕೊಟ್ಟಳು. "ನೀನು ತೆಗಿ, ನಾನು ತಳ್ತಾ ಇರ್ತೀನಿ."