ರೆಕಾರ್ಡಿನಲ್ಲಿ ಗಂಡ ಎಡವಿದ ಜಾಗ

ಪಿಯಾನೋ ಅಕ್ಕ ತನ್ನದೇ ರೆಕಾರ್ಡ್ ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಹೊರಡುತ್ತಿದ್ದಳು. ವಯಸ್ಸಿನಲ್ಲಿದ್ದಾಗ ಅವಳು, ಅವಳ ಗಂಡ, ಒಬ್ಬ ಡ್ರಮ್ಮಿನವನು ಸೇರಿ, ಎಲ್ಲರಿಗೂ ಬಾಯಿಪಾಠವಾಗಿದ್ದ ಹಳೇ ಸಿನಿಮಾ ಹಾಡುಗಳನ್ನು ಜಾಝ್‌ಗೆ ತಿರುಗಿಸಿ ನುಡಿಸಿದ ರೆಕಾರ್ಡ್ ಅದು. ಜಾಝ್ ಅಂದರೆ ಮೂಗು ಮುರಿಯುವವರಿಗೂ ಹಿಡಿಸಿತು. ಹಿಡಿಸಿದ್ದೇ ತಪ್ಪಾಯಿತು ನೋಡಿ! ಲಿಫ್ಟಿನಲ್ಲಿ ಅದೇ, ಹಲ್ಲಿನ ಡಾಕ್ಟರ ಹತ್ತಿರ ಅದೇ, ಥೂ, ಹೋಟೆಲಿನ ಕಕ್ಕಸಿನಲ್ಲೂ ಅದೇ.

ಅದರಲ್ಲಿ ಒಂದು ಹಾಡಿನ ನಡುವೆ, ಬೇಸ್ ಗಿಟಾರ್ ನುಡಿಸುತ್ತಿದ್ದ ಗಂಡ ಮೈಮರೆತು, ಸರದಿ ಬರುವ ಮೊದಲೇ ಪಲ್ಲವಿಗೆ ಹಾರಿಬಿಟ್ಟಿದ್ದ. ಇವಳು ನುಡಿಸುತ್ತಿದ್ದುದನ್ನು ಅಲ್ಲೇ ಬಿಟ್ಟು, ಪಿಯಾನೋದಲ್ಲೇ ಅವನ ಹಿಂದೆ ಓಡಿ ಹಿಡಿದುಕೊಂಡಿದ್ದಳು. ಜನಕ್ಕೆ ಪ್ರಾಣವಾದದ್ದು ಆ ಜಾಗವೇ.

ಈಗ ಗಂಡನ ಬೆರಳು ಮಡಚುವುದಿಲ್ಲ. ಅಕ್ಕ ಸಂಜೆ ಹೋಟೆಲೊಂದರಲ್ಲಿ ನುಡಿಸುತ್ತಿದ್ದಳು. ಅಲ್ಲಿಗೆ ಹೊಸ ಮ್ಯಾನೇಜರ್ ಬಂದ.

"ಮೇಡಂ, ರೆಕಾರ್ಡಲ್ಲಿ ಇರೋ ಹಾಗೇ ಬೇಕು. ನೀವು ದಿನಾ ಒಂದೊಂದು ಥರ ನುಡಿಸಿದ್ರೆ ಗಿರಾಕಿಗಳು ಗೊಣಗ್ತಾರೆ."

"ದಿನಾ ಒಂದೊಂದು ಥರ ನುಡಿಸೋದೇ ಕಣಪ್ಪಾ ಈ ಸಂಗೀತ!"

"ಹಾಗಾದ್ರೆ ರೆಕಾರ್ಡೇ ಹಾಕ್ತೀವಿ ಬಿಡಿ."

ಅಕ್ಕ ರೆಕಾರ್ಡಿನಲ್ಲಿದ್ದ ಹಾಗೇ ನುಡಿಸತೊಡಗಿದಳು. ಆ ಪಿಯಾನೋ ಬಿಟ್ಟರೆ ಅವಳ ಕೈಗೆ ಬೇರೆ ಪಿಯಾನೋ ಇರಲಿಲ್ಲ.

ಮ್ಯಾನೇಜರ್ ಬೇಸ್ ಗಿಟಾರಿಗೆ ಒಬ್ಬ ಗಡ್ಡದವನನ್ನು ಕರೆತಂದ. ರೆಕಾರ್ಡನ್ನು ಅರೆದು ಕುಡಿದ ಆಸಾಮಿ. ಸರಿಯಾಗಿ ಅದೇ ಜಾಗದಲ್ಲಿ, ಮುಖಕ್ಕೊಂದು ನಗು ಅಂಟಿಸಿಕೊಂಡು ಎಡವಿದ. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಅಕ್ಕನೂ ಹಿಂದೆ ಓಡಿದಳು. ಆದರೆ ಅವಳಿಗೆ, ಯಾವನೋ ತನ್ನ ಗಂಡನ ಅಂಗಿ ತೊಟ್ಟು ಅಡುಗೆಮನೆಗೆ ನುಗ್ಗಿದ ಹಾಗಾಯಿತು.

"ಹೇಗಿದಾನೆ ಹೊಸಬ?" ಮನೆಯಲ್ಲಿ ಗಂಡ ಕೇಳಿದ.

"ನೀವು ಬಿದ್ದ ಕಡೆನೇ ಬೀಳ್ತಾನೆ ರೀ, ನಗ್ತಾ ನಗ್ತಾ. ಅಸಹ್ಯ!"

"ನಾನು ನಿಜವಾಗ್ಲೂ ಬಿದ್ದಿದ್ದೆ ಕಣೇ. ನೀನು ಹಿಡೀತೀಯ ಅಂತ ನಂಗೇನು ಗೊತ್ತಿತ್ತು?"

ಮರುದಿನ ಗಡ್ಡದವನು ಎಡವಿದಾಗ ಅಕ್ಕ ಹಿಡಿಯಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವನ ನಗು ಹಾರಿಹೋಯಿತು. ತಡಬಡಾಯಿಸಿದ, ಬೆವರಿದ, ಕೊನೆಗೆ ಮೊದಲ ಸಲ ಅವಳ ಮುಖ ನೋಡಿದ. ಆಗ ಅವಳು ರೆಕಾರ್ಡಿನಲ್ಲಿ ಎಲ್ಲೂ ಇಲ್ಲದ ಒಂದು ದಾರಿಯಿಂದ ಹೋಗಿ ಅವನನ್ನು ಹಿಡಿದುಕೊಂಡಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾರನೆಯ ಸಂಜೆ ಹೋದರೆ ಪಿಯಾನೋಗೆ ಬೀಗ, ಅದರ ಮೇಲೊಂದು ಸ್ಪೀಕರ್. ಅದೇ ಹಾಡು ಬರುತ್ತಿತ್ತು. ಥೂ, ಎಂದು ತಿರುಗಿದ ಅಕ್ಕ, ಗಂಡ ಎಡವುವ ಜಾಗ ಬರುವ ತನಕ ಬಾಗಿಲಲ್ಲಿ ನಿಂತಳು.